ಬಿಸಿಲ ನಾಡಿನ ಹಿತ್ತಲಲ್ಲಿ ಕೋಳಿ, ಆಡು: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಅಂಚಿನ ಒಂದು ಓಣಿಯಲ್ಲಿ ನಮ್ಮ ಮನೆ. ಹಿತ್ತಲಲ್ಲಿ 22 ಕೋಳಿ, 4 ಆಡು ಇವೆ. 9 ವರ್ಷದಿಂದ ಸಾಕುತ್ತಿದ್ದೇವೆ. ಓಣಿಯವರು, ಬೀದರ್‌ನ ಬೀಗರು, ಶಹಾಪುರ ಕಡೆಯ ಗೆಳತಿಯರು ಸಿಕ್ಕಾಗಲೆಲ್ಲ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ನಾನು ಕೈಯಾರೆ ಮಾಡಿ ಕಲಿತದ್ದು, ಪಶುವೈದ್ಯರು ಹೇಳಿಕೊಟ್ಟದ್ದು ಎರಡನ್ನೂ ಸೇರಿಸಿ ಬರೆದಿದ್ದೇನೆ.

ನಮ್ಮ ಬಿಸಿಲಿಗೆ ಕೋಳಿ ಬದುಕುತ್ತವಾ?

ಬದುಕುತ್ತವೆ. ನಮ್ಮ ಅಜ್ಜಿಯರು ಮಾಳಿಗೆ ಮನೆಯ ಮೂಲೆಯಲ್ಲಿ ಬುಟ್ಟಿ ಕವುಚಿ ಸಾಕಿದ್ದು ಇದೇ ಊರಲ್ಲಿ ತಾನೆ? ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕೋಳಿ ಮೇವಿಲ್ಲದೆ ಸಾಯುವುದು ಕಡಿಮೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 1ರಿಂದ 4 ಗಂಟೆಯೊಳಗೆ ಸಾಯುವುದೇ ಜಾಸ್ತಿ.

ನಮ್ಮದು ಮರುಭೂಮಿ ಅಲ್ಲ. ಮಳೆ ಬಂದರೆ ಕರಿಮಣ್ಣಿನಲ್ಲಿ ಕಾಲು ಹೂತುಹೋಗುತ್ತದೆ. ಆದರೆ ಆ ಎರಡು ತಿಂಗಳು ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಕೋಳಿಯ ಮೈ ಸಹಜವಾಗಿಯೇ 41ರಿಂದ 42 ಡಿಗ್ರಿ ಬಿಸಿ ಇರುತ್ತದೆ. ಅದಕ್ಕೆ ಬೆವರು ಬರುವುದಿಲ್ಲ. ಹೊರಗಿನ ಗಾಳಿ ಮೈಯಷ್ಟೇ ಬಿಸಿಯಾದರೆ ಬಾಯಿ ತೆರೆದು ಏದುಸಿರು ಬಿಡುವುದೊಂದೇ ಅದಕ್ಕಿರುವ ದಾರಿ.

ನಾನು ಮೊದಲ ವರ್ಷ ಎಲ್ಲವನ್ನೂ ಹಿಂದುಮುಂದು ಮಾಡಿದೆ. ಮೊದಲು ಕೋಳಿ ತಂದೆ, ಆಮೇಲೆ ತಗಡಿನ ಶೆಡ್ ಹಾಕಿಸಿದೆ, ನೆರಳಿನ ಬಗ್ಗೆ ಯೋಚಿಸಲೇ ಇಲ್ಲ. ಮೇ ತಿಂಗಳ ಒಂದು ದಿನ ಮದುವೆಗೆ ಹೋಗಿ ಸಂಜೆ 5ಕ್ಕೆ ಬಂದೆ. 11 ಕೋಳಿ ರೆಕ್ಕೆ ಅಗಲಿಸಿಕೊಂಡು ಗೋಡೆಗೆ ಒರಗಿ ಸತ್ತಿದ್ದವು. ನೀರಿನ ಡಬ್ಬಿ ತುಂಬಿಯೇ ಇತ್ತು. ಬಿಸಿಲಿಗೆ ಕಾದು ಆ ನೀರು ಕೈ ಇಡಲಾಗದಷ್ಟು ಸುಡುತ್ತಿತ್ತು. ಅದನ್ನು ಅವು ಕುಡಿದಿರಲಿಲ್ಲ. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಕೇಳಿದವರಿಗೆಲ್ಲ ಹೇಳುವುದು: ನೆರಳು, ನೀರು ಮೊದಲು ಆಗಲಿ, ಕೋಳಿ ಆಮೇಲೆ ಬರಲಿ.

ಯಾವ ತಿಂಗಳಲ್ಲಿ ಶುರು ಮಾಡಬೇಕು?

ದಸರಾ ಹೊತ್ತಿಗೆ. ಆಗ ತಂದ ಮರಿಗಳು ಯುಗಾದಿ ಹೊತ್ತಿಗೆ ಬಲಿತಿರುತ್ತವೆ, ಬೇಸಿಗೆ ತಡೆಯುತ್ತವೆ. ಫೆಬ್ರವರಿ, ಮಾರ್ಚ್‌ನಲ್ಲಿ ಮಾತ್ರ ತರಬೇಡಿ.

ಚಳಿಗಾಲದಲ್ಲಿ ಎಳೆ ಮರಿಗಳಿಗೆ ಬಲ್ಬಿನ ಶಾಖ ಬೇಕು. ಮೊದಲ ವಾರ ಸುಮಾರು 35 ಡಿಗ್ರಿ ಇರಲಿ. ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸುತ್ತ ಹೋಗಿ. ಬೀದರ್‌ನವರಿಗೆ ಇದು ಇನ್ನೂ ಮುಖ್ಯ. ಡಿಸೆಂಬರ್ ರಾತ್ರಿ ಅಲ್ಲಿಯ ಚಳಿ ಹೇಗಿರುತ್ತದೆ ಅಂತ ನಿಮಗೇ ಗೊತ್ತಲ್ವಾ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಚಳಿ. ದೂರ ಓಡಿ ಬಾಯಿ ತೆರೆದಿದ್ದರೆ ಸೆಕೆ. ಎಲ್ಲ ಕಡೆ ಹರಡಿಕೊಂಡು ಓಡಾಡುತ್ತಿದ್ದರೆ ಸರಿ ಇದೆ.

ಯಾವ ತಳಿ ಒಳ್ಳೆಯದು?

ನನ್ನ ಓಟು ಜವಾರಿ ಕೋಳಿಗೆ. ಮೊಟ್ಟೆ ಕಡಿಮೆ, ವರ್ಷಕ್ಕೆ 50, 60 ಇಟ್ಟರೆ ಹೆಚ್ಚು. ಆದರೆ ಮೈ ಹಗುರ, ಕಾಲು ಚುರುಕು, ನೆರಳು ಹುಡುಕಿಕೊಳ್ಳುತ್ತದೆ, ತಾನೇ ಕಾವು ಕೂರುತ್ತದೆ. ಕುತ್ತಿಗೆ ಬೋಳಾಗಿರುವ ಜವಾರಿ ಕೋಳಿ ಸಿಕ್ಕರೆ ಬಿಡಬೇಡಿ. ನೋಡಲು ಚೆಂದ ಇಲ್ಲ ಅಂತ ಜನ ಬೇಡ ಅನ್ನುತ್ತಾರೆ. ಅದರ ಕೊರಳಿಗೆ ಪುಕ್ಕ ಇಲ್ಲದ್ದರಿಂದಲೇ ಮೈಯ ಬಿಸಿ ಬೇಗ ಹೊರಗೆ ಹೋಗುತ್ತದೆ.

ಮೊಟ್ಟೆ ಜಾಸ್ತಿ ಬೇಕು ಅನ್ನುವವರು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪಿಸಿದ ಗಿರಿರಾಜ, ಸ್ವರ್ಣಧಾರ ಸಾಕುತ್ತಾರೆ. ಹೈದರಾಬಾದ್ ನಮಗೆ ಹತ್ತಿರ, ಹಾಗಾಗಿ ಅಲ್ಲಿಯ ವನರಾಜ, ಗ್ರಾಮಪ್ರಿಯ ಕೂಡ ಇಲ್ಲಿಗೆ ಬರುತ್ತವೆ. ಇವುಗಳಲ್ಲಿ ಗ್ರಾಮಪ್ರಿಯ ಮೈ ಹಗುರ, ಮೊಟ್ಟೆಗೆ ಚೆನ್ನ. ಗಿರಿರಾಜ, ವನರಾಜ ಭಾರಿ ಮೈಯವು. ಮೈ ತುಂಬಿದಷ್ಟೂ ಬಿಸಿಲು ತಡೆಯುವುದು ಕಷ್ಟ. ಬ್ರಾಯ್ಲರ್ ಮರಿಯನ್ನು ಹಿತ್ತಲಲ್ಲಿ ಬೇಸಿಗೆಗೆ ಸಾಕಬೇಡಿ.

ಒಂದು ಸಲ ಬೈಕಿನಲ್ಲಿ ಬುಟ್ಟಿ ಕಟ್ಟಿಕೊಂಡು ಬಂದವರಿಂದ ಜವಾರಿ ಅಂತ 20 ಮರಿ ಕೊಂಡೆ. ಬಣ್ಣ ಬಣ್ಣದ ಮರಿಗಳು. ಲಸಿಕೆ ಆಗಿಲ್ಲ, ವಯಸ್ಸು ಎಷ್ಟು ಅಂತಲೂ ಗೊತ್ತಿಲ್ಲ. ತಿಂಗಳೊಳಗೆ 3 ಉಳಿದವು. ಮರಿ ಕೊಳ್ಳುವಾಗ ಹುಟ್ಟಿದ ದಿನ, ಹಾಕಿಸಿದ ಲಸಿಕೆ ಎರಡನ್ನೂ ಕೇಳಿ. ಹೇಳಲು ಬರದವರ ಹತ್ತಿರ ಕೊಳ್ಳಬೇಡಿ.

ಗೂಡು ಹೇಗೆ ಕಟ್ಟಬೇಕು?

ಗೂಡಿನ ಉದ್ದ ಪೂರ್ವ ಪಶ್ಚಿಮಕ್ಕೆ ಇರಲಿ. ಬೆಳಗಿನ ಬಿಸಿಲು, ಸಂಜೆ ಬಿಸಿಲು ಎರಡೂ ಸಣ್ಣ ಬದಿಗೆ ಮಾತ್ರ ಬೀಳುತ್ತವೆ. ಉದ್ದದ ಎರಡು ಬದಿಗೆ ಜಾಳಿಗೆ ಹಾಕಿ, ಗಾಳಿ ಆಡಲಿ. ಬೇವಿನ ಮರದ ಕೆಳಗೆ ಜಾಗ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ತಗಡು ಹಾಕಲೇಬೇಕಾದರೆ 7, 8 ಅಡಿ ಎತ್ತರಕ್ಕೆ ಹಾಕಿ. ಮೇಲೆ ದಪ್ಪಗೆ ಸುಣ್ಣ ಬಳಿಯಿರಿ. ಅದರ ಮೇಲೆ ತೊಗರಿ ಕಟ್ಟಿಗೆ ಹರಡಿ, ಅದರ ಮೇಲೆ ಜೋಳದ ಕಣಕಿ ಹೊದಿಸಿ. ಇದಕ್ಕೆ ದುಡ್ಡು ಖರ್ಚಿಲ್ಲ, ರಾಶಿ ಮುಗಿದ ಮೇಲೆ ಯಾರ ಹೊಲದಲ್ಲಾದರೂ ಸಿಗುತ್ತದೆ. ಒಣ ಕಣಕಿಗೆ ಬೆಂಕಿಯ ಭಯ ಇದೆ. ಒಲೆ, ಕರೆಂಟಿನ ವೈರು ಎರಡೂ ದೂರ ಇರಲಿ.

ಪಶ್ಚಿಮದ ಕಡೆ ಗೋಣಿ ಚೀಲ ಇಳಿಬಿಟ್ಟು ಮಧ್ಯಾಹ್ನ ನೆನೆಸಿ. ಮೇಲೆ ಒಂದು ಅಡಿ ಸಂದು ಬಿಡಿ, ಬಿಸಿ ಗಾಳಿ ಅಲ್ಲಿಂದ ಹೊರಗೆ ಹೋಗಬೇಕು. ಇದು ಕೂಲರ್ ಇದ್ದ ಹಾಗೆ. ಗಾಳಿ ಒಣಗಿರುವಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಜೂನ್‌ನಲ್ಲಿ ಮೋಡ ಕಟ್ಟಿ ಕುದಿಯುವಾಗ ಕೂಲರ್ ಹಾಕಿದರೂ ಮೈ ಅಂಟು ಅಂಟು ಅನ್ನುತ್ತದಲ್ವಾ? ಆ ದಿನಗಳಲ್ಲಿ ಗೋಣಿ ತೆಗೆದುಬಿಡಿ. ಆಗ ಬೇಕಿರುವುದು ಗಾಳಿ, ಒಂದು ಫ್ಯಾನ್ ಇಟ್ಟರೆ ಒಳ್ಳೆಯದು.

ನೆಲಕ್ಕೆ ಶಹಾಬಾದಿ ಪರಸಿ ಹಾಸಬಹುದಾ ಅಂತ ಕೇಳುತ್ತಾರೆ. ಬಿಸಿಲು ಬೀಳುವ ಜಾಗಕ್ಕೆ ಬೇಡ, ಕಾಲು ಸುಡುತ್ತದೆ. ಗಟ್ಟಿ ನೆರಳಿನಲ್ಲಿ ಒಂದೆರಡು ಪರಸಿ ಹಾಕಿ ನೀರು ಚಿಮುಕಿಸಿ ನೋಡಿ. ನಮ್ಮ ಕೋಳಿಗಳು ಮಧ್ಯಾಹ್ನವಿಡೀ ಅದರ ಮೇಲೆ ಹೊಟ್ಟೆ ಹಚ್ಚಿ ಮಲಗುತ್ತವೆ. ಉಳಿದ ಕಡೆ ಮಣ್ಣೇ ಇರಲಿ, ಅವು ಕೆದರಿ ತಂಪಿನ ಗುಂಡಿ ಮಾಡಿಕೊಳ್ಳುತ್ತವೆ.

ರಾತ್ರಿ ಜಾಗ ಕೋಳಿಗೆ 2 ಚದರ ಅಡಿ ಸಾಕು ಅನ್ನುತ್ತಾರೆ. ನಮ್ಮ ಕಡೆ 3 ಇಟ್ಟುಕೊಳ್ಳಿ.

ನೀರು ಎಷ್ಟು ಬೇಕು? ನಮ್ಮ ಓಣಿಗೆ ದಿನಾ ನೀರು ಬರುವುದಿಲ್ಲ.

ಚಳಿಗಾಲದಲ್ಲಿ ಒಂದು ಕೋಳಿಗೆ ಕಾಲು ಲೀಟರ್. ಮೇ ತಿಂಗಳಲ್ಲಿ ಅರ್ಧ ಲೀಟರ್, ಕೆಲವು ದಿನ ಅದಕ್ಕೂ ಜಾಸ್ತಿ. 20 ಕೋಳಿಗೆ 10 ಲೀಟರ್ ಅಂದರೆ ಒಂದು ಕೊಡ. ಚೆಲ್ಲುವುದು ಬೇರೆ.

ಎಷ್ಟು ನೀರು ಅನ್ನುವುದಕ್ಕಿಂತ ಎಷ್ಟು ತಂಪು ಅನ್ನುವುದನ್ನು ಜಾಸ್ತಿ ನೋಡಿ. ಮಣ್ಣಿನ ಪಾತ್ರೆಯಲ್ಲೇ ಇಡಿ. ಹಳೆಯ ಗಡಿಗೆ ಒಡೆದಿದ್ದರೆ ಅದರ ತಳ ಸಾಕು. ಮೂರು ಕಡೆ ನೆರಳಿನಲ್ಲಿ ಇಡಿ. ಒಂದೇ ಕಡೆ ಇಟ್ಟರೆ ಜೋರಿನ ಹುಂಜ ಉಳಿದವನ್ನು ಹತ್ತಿರ ಬಿಡುವುದಿಲ್ಲ. ಮಾಳಿಗೆ ಮೇಲಿನ ಪ್ಲಾಸ್ಟಿಕ್ ಟ್ಯಾಂಕಿನ ನೀರು ಮಧ್ಯಾಹ್ನ ಕುದ್ದಂತೆ ಬರುತ್ತದೆ, ಅದನ್ನು ನೇರ ಹಾಕಬೇಡಿ. ಬೆಳಿಗ್ಗೆಯೇ ಹರವಿಯಲ್ಲಿ ತುಂಬಿಟ್ಟುಕೊಳ್ಳಿ. 12ಕ್ಕೆ ಒಮ್ಮೆ, 3ಕ್ಕೆ ಒಮ್ಮೆ ಬದಲಿಸಿ.

ಬಿಸಿಲು ಬಡಿದಿದೆ ಅಂತ ಹೇಗೆ ಗೊತ್ತಾಗುತ್ತದೆ? ತಕ್ಷಣ ಏನು ಮಾಡಲಿ?

ಮೊದಲು ಬಾಯಿ ತೆರೆಯುತ್ತದೆ, ರೆಕ್ಕೆ ಮೈಯಿಂದ ದೂರ ಹಿಡಿಯುತ್ತದೆ. ಇದು ನಿತ್ಯದ್ದು, ಗಾಬರಿ ಬೇಡ. ಆಮೇಲೆ ಮಂಕಾಗಿ ಕೂರುತ್ತದೆ, ಕರೆದರೂ ಏಳುವುದಿಲ್ಲ, ಜುಟ್ಟಿನ ಬಣ್ಣ ಬದಲಾಗುತ್ತದೆ, ಕತ್ತು ವಾಲುತ್ತದೆ. ಆಗ ತಡ ಮಾಡುವಂತಿಲ್ಲ.

ನೆರಳಿಗೆ ತನ್ನಿ. ಬಕೆಟ್‌ನಲ್ಲಿ ಮಾಮೂಲಿ ತಣ್ಣೀರು ತೆಗೆದುಕೊಂಡು ಕಾಲು, ಹೊಟ್ಟೆಯ ಕೆಳಭಾಗ ಮುಳುಗಿಸಿ. ಫ್ರಿಜ್ಜಿನ ನೀರು, ಐಸು ಬೇಡ. ಜುಟ್ಟು, ಗದ್ದದ ಕೆಳಗಿನ ಜೋಲು ಒದ್ದೆ ಮಾಡಿ. ಬೀಸಣಿಗೆಯಿಂದ ಗಾಳಿ ಹಾಕಿ. ಕೊಕ್ಕಿನ ತುದಿಗೆ ಹನಿ ಹನಿಯಾಗಿ ನೀರು ಮುಟ್ಟಿಸಿ, ಅದೇ ಕುಡಿಯಲಿ. ಬಾಯಿ ಬಿಡಿಸಿ ಸುರಿದರೆ ಶ್ವಾಸಕ್ಕೆ ಹೋಗಿ ಅಲ್ಲೇ ಸಾಯುತ್ತದೆ.

ಚೇತರಿಸಿದ ಮೇಲೆ ಒಂದು ಲೀಟರ್ ನೀರಿಗೆ ಒಂದು ಚಮಚ ಬೆಲ್ಲ, ಒಂದು ಚಿಟಿಕೆ ಉಪ್ಪು ಬೆರೆಸಿ ಕೊಡಿ. ಪಕ್ಕದಲ್ಲಿ ಬರೀ ನೀರೂ ಇರಲಿ. ಬೆಲ್ಲದ ನೀರು ಸಂಜೆಗೆ ಚೆಲ್ಲಿಬಿಡಿ, ಹುಳಿಯುತ್ತದೆ.

ಮಧ್ಯಾಹ್ನದ ಹೊತ್ತು ಕೋಳಿ ಹಿಡಿಯಲು ಓಡಾಡಿಸಬೇಡಿ. ಮಾರುವುದು, ಲಸಿಕೆ, ಗೂಡು ಗುಡಿಸುವುದು ಎಲ್ಲ ಬೆಳಿಗ್ಗೆ 8ರೊಳಗೆ ಮುಗಿಯಲಿ.

ಮೇವು ಏನು ಹಾಕಬೇಕು?

ನಾವು ಅದೃಷ್ಟವಂತರು. ಜೋಳ, ಸಜ್ಜೆ, ತೊಗರಿ ಬೆಳೆಯುವ ನಾಡು ಇದು. ಕೋಳಿಗೆ ಗೋವಿನಜೋಳವೇ ಆಗಬೇಕೆಂದಿಲ್ಲ, ಬಿಳಿಜೋಳ, ಸಜ್ಜೆ ಚೆನ್ನಾಗಿ ನಡೆಯುತ್ತವೆ. ಅರ್ಧದಷ್ಟು ಕಾಳು, ಕಾಲು ಭಾಗ ಶೇಂಗಾ ಅಥವಾ ಸೂರ್ಯಕಾಂತಿ ಹಿಂಡಿ, ಉಳಿದದ್ದು ತೌಡು, ನುಚ್ಚು, ಸ್ವಲ್ಪ ಖನಿಜ ಮಿಶ್ರಣ. ಜೊತೆಗೆ ನುಗ್ಗೆ ಸೊಪ್ಪು, ಅಡುಗೆಮನೆಯ ಸೊಪ್ಪಿನ ಕಡ್ಡಿ. ಹಿತ್ತಲಲ್ಲಿ ತಿರುಗಿ ಹುಳ ತಿನ್ನುವ ಕೋಳಿಗೆ ಇಷ್ಟು ಸಾಕು.

ದಾಲ್ ಮಿಲ್ಲಿನ ತೊಗರಿ ಚುನ್ನಿ (ಬೇಳೆ ಮಾಡುವಾಗ ಉಳಿಯುವ ನುಚ್ಚು, ಸಿಪ್ಪೆ) ಅಗ್ಗಕ್ಕೆ ಸಿಗುತ್ತದೆ ಅಂತ ಬರೀ ಅದನ್ನೇ ಹಾಕುವವರಿದ್ದಾರೆ. ಆಡಿಗೆ ಅದು ಒಳ್ಳೆಯದು. ಕೋಳಿಗೆ ಹಸಿ ಬೇಳೆಕಾಳು ಜಾಸ್ತಿಯಾದರೆ ಜೀರ್ಣ ಆಗುವುದಿಲ್ಲ, ಒಂದು ಹಿಡಿ ಬೆರೆಸಿದರೆ ಸಾಕು. ಬೂಸು ಹಿಡಿದ ಹಿಂಡಿ ಮಾತ್ರ ಎಷ್ಟು ಅಗ್ಗವಾದರೂ ಬೇಡ. ಅದರಲ್ಲಿರುವ ವಿಷ ಲಿವರ್ ಕೆಡಿಸುತ್ತದೆ.

ಬೇಸಿಗೆಯಲ್ಲಿ ಮೇವಿನ ಹೊತ್ತು ಬದಲಿಸಿ. ತಿಂದದ್ದು ಅರಗುವಾಗ ಮೈ ಇನ್ನಷ್ಟು ಬಿಸಿಯಾಗುತ್ತದೆ. ಹಾಗಾಗಿ ಬೆಳಗಿನ ಜಾವ 5ಕ್ಕೆ ಹಾಕಿ, 9ರ ಹೊತ್ತಿಗೆ ತೆಗೆಯಿರಿ. ಮತ್ತೆ ಸಂಜೆ 5:30ರ ಮೇಲೆ. ನಡುವೆ ಹಸಿದಿವೆ ಅನ್ನಿಸಿದರೆ ಸೌತೆಕಾಯಿ, ಕಲ್ಲಂಗಡಿ ಸಿಪ್ಪೆ ಕೊಡಿ. ಸುಮ್ನೆ ಕರುಣೆಯಿಂದ ಮಧ್ಯಾಹ್ನ ಜೋಳ ಎರಚಬೇಡಿ.

ಬೇಸಿಗೆ ಬಂದರೆ ಮೊಟ್ಟೆ ಕಡಿಮೆ, ಚಿಪ್ಪು ತೆಳು. ಯಾಕೆ?

ಸೆಕೆಗೆ ಮೇವು ಕಡಿಮೆ ತಿನ್ನುತ್ತದೆ, ಮೊಟ್ಟೆ ಇಳಿಯುತ್ತದೆ. ಚಿಪ್ಪಿನ ಕಾರಣ ಬೇರೆ. ಏದುಸಿರು ಬಿಟ್ಟು ಬಿಟ್ಟು ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿಬಿಡುತ್ತದೆ. ಚಿಪ್ಪು ಕಟ್ಟಲು ಅದೂ ಬೇಕು, ಸುಣ್ಣದ ಅಂಶವೂ ಬೇಕು. ಮೊಟ್ಟೆ ಚಿಪ್ಪನ್ನು ಹುರಿದು ಪುಡಿ ಮಾಡಿ, ಅಥವಾ ಅಂಗಡಿಯಲ್ಲಿ ಸಿಗುವ ಕಪ್ಪೆಚಿಪ್ಪಿನ ನುಚ್ಚು ತಂದು, ಬೇರೆ ಬಟ್ಟಲಲ್ಲಿ ಸಂಜೆ ಇಡಿ. ಚಿಪ್ಪು ತಯಾರಾಗುವುದು ರಾತ್ರಿ. ಮಳೆ ಬಿದ್ದ ಮೇಲೆ ಮೊಟ್ಟೆ ತಾನಾಗಿ ಹೆಚ್ಚುತ್ತದೆ.

ಏಪ್ರಿಲ್‌ನಲ್ಲಿ ಕಾವಿಗೆ ಕೂರಿಸಬಹುದಾ?

ಬೇಡ. ಮೊಟ್ಟೆ ಕೂಡಿಟ್ಟ ದಿನಗಳಲ್ಲೇ ಬಿಸಿಗೆ ಕೆಟ್ಟಿರುತ್ತವೆ, 21 ದಿನ ತಾಯಿ ಕೋಳಿ ಸುಮ್ನೆ ಸೊರಗುತ್ತದೆ. ತಿನ್ನುವ ಮೊಟ್ಟೆಯನ್ನೂ ದಿನಕ್ಕೆ ಎರಡು ಸಲ ಎತ್ತಿಟ್ಟುಕೊಳ್ಳಿ. ಒದ್ದೆ ಉಸುಕಿನಲ್ಲಿ ಅರ್ಧ ಹೂತ ಗಡಿಗೆಯೊಳಗೆ ಇಟ್ಟು ಬಟ್ಟೆ ಮುಚ್ಚಿದರೆ ಫ್ರಿಜ್ ಇಲ್ಲದೆಯೂ ತಂಪಾಗಿರುತ್ತವೆ.

ಯಾವ ಲಸಿಕೆ ಬಿಡಬಾರದು?

ರಾಣಿಖೇತ್‌ನದು. ನಮ್ಮಲ್ಲಿ ಕೊಕ್ಕರೆ ರೋಗ ಅನ್ನುತ್ತಾರೆ. ಹಸಿರು ಭೇದಿ, ಉಸಿರಿಗೆ ಗೊರಗೊರ ಸದ್ದು, ಕತ್ತು ತಿರುಚುವುದು. ಬಂದರೆ ಓಣಿಯ ಕೋಳಿಯನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆ, ಔಷಧಿ ಇಲ್ಲ. ಮರಿಗೆ 5ರಿಂದ 7 ದಿನವಾದಾಗ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟಾ ಅಥವಾ ಎಫ್-1 ಲಸಿಕೆ. 4 ವಾರಕ್ಕೆ ಮತ್ತೆ ಲಸೋಟಾ. 8 ವಾರ ದಾಟಿದ ಮೇಲೆ ಇದೇ ರೋಗಕ್ಕೆ ಆರ್‌2ಬಿ ಚುಚ್ಚುಮದ್ದು. ಸಿಡುಬಿನ ಲಸಿಕೆಯನ್ನೂ 6ರಿಂದ 8 ವಾರದ ಹೊತ್ತಿಗೆ ಹಾಕಿಸಿ.

ಎಡವುವುದು ಎಲ್ಲಿ ಅಂದರೆ ತಂಪಿನಲ್ಲಿ. ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಒಮ್ಮೆ ನನಗೆ ಒಂದು ಅಂಗಡಿಯಲ್ಲಿ ಮೇಜಿನ ಮೇಲಿದ್ದ ಬಾಟಲಿ ಕೊಟ್ಟರು, ನಾನೂ ಕೇಳದೆ ತಂದೆ. ಆ ಲಸಿಕೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ ಆಯಿತು. ಈಗ ಐಸು ತುಂಬಿದ ಥರ್ಮಾಸ್ ಕೈಯಲ್ಲಿ ಹಿಡಿದೇ ಹೋಗುತ್ತೇನೆ. ಒಂದು ಬಾಟಲಿಯಲ್ಲಿ 100 ಕೋಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಅದಕ್ಕೇ ನಮ್ಮ ಓಣಿಯ ಐದಾರು ಮನೆಯವರು ಒಂದೇ ದಿನ ಬೆಳಿಗ್ಗೆ ಸೇರುತ್ತೇವೆ. ನಿಮ್ಮ ಪಕ್ಕದ ಮನೆಯ ಕೋಳಿಗೆ ಲಸಿಕೆ ಆಗದಿದ್ದರೆ ನಿಮ್ಮದೂ ಅಪಾಯದಲ್ಲೇ ಇದ್ದಂತೆ.

ಕೋಳಿ ಸೊರಗುತ್ತಿವೆ, ಮೈಯಲ್ಲಿ ಹೇನು ಕಾಣುವುದಿಲ್ಲ. ಏನಿರಬಹುದು?

ರಾತ್ರಿ 11ಕ್ಕೆ ಟಾರ್ಚ್ ಹಿಡಿದು ಗೂಡಿನ ಗೋಡೆ ನೋಡಿ. ಒಣ, ಬಿಸಿ ಸೀಮೆಯ ಕೋಳಿ ಉಣ್ಣಿ ಹಗಲು ಗೋಡೆಯ ಬಿರುಕಿನಲ್ಲಿ, ಕಟ್ಟಿಗೆಯ ಸಂದಿಯಲ್ಲಿ ಅಡಗಿರುತ್ತದೆ. ರಾತ್ರಿ ಬಂದು ರಕ್ತ ಹೀರಿ ವಾಪಸ್ ಹೋಗುತ್ತದೆ. ಜ್ವರವನ್ನೂ ಹರಡುತ್ತದೆ. ಗೂಡು ಖಾಲಿ ಬಿಟ್ಟರೆ ಸಾಯುತ್ತದೆ ಅಂದುಕೊಳ್ಳಬೇಡಿ, ತಿಂಗಳುಗಟ್ಟಲೆ ಹಸಿದುಕೊಂಡು ಬದುಕುತ್ತದೆ.

ಬಿರುಕುಗಳನ್ನು ಮುಚ್ಚಿ, ದಪ್ಪಗೆ ಸುಣ್ಣ ಬಳಿಯಿರಿ. ಕೂರುವ ಕೋಲನ್ನು ಗೋಡೆಗೆ ತಾಗದಂತೆ ಇಡಿ. ಔಷಧಿ ಹೊಡೆಯುವುದಾದರೆ ಪಶುವೈದ್ಯರನ್ನು ಕೇಳಿ, ಕೋಳಿಗಳನ್ನು ಹೊರಗೆ ಬಿಟ್ಟು ಗೂಡಿಗೆ ಹೊಡೆಯಿರಿ. ಹೊಲಕ್ಕೆ ಹೊಡೆಯುವ ಕೀಟನಾಶಕವನ್ನು ಕೋಳಿಯ ಮೈಗೆ ಹಚ್ಚಿ ಕೊಂದವರನ್ನು ನೋಡಿದ್ದೇನೆ. ಮೈಯ ಹೇನಿಗೆ ಬೂದಿ, ಒಣ ಮಣ್ಣು ಬೆರೆಸಿದ ಗುಂಡಿ ಸಾಕು, ಅವೇ ಹೊರಳಾಡುತ್ತವೆ.

ಬೆಕ್ಕು, ಮುಂಗುಸಿ?

ಜಾಳಿಗೆಯ ಕಣ್ಣು ಅರ್ಧ ಇಂಚು ಇರಲಿ, ಒಂದು ಅಡಿ ನೆಲದೊಳಗೆ ಹೂಳಿ. ಕತ್ತಲಾಗುವ ಮುಂಚೆ ಎಣಿಸಿ ಮುಚ್ಚಿ.

ಆಡು ಸಾಕುವುದಾದರೆ ಯಾವುದು? ಕುರಿ ಆಗಬಹುದಾ?

ಹಿತ್ತಲಿಗೆ ಆಡೇ ಸರಿ. ಕುರಿಗೆ ಮೇಯುವ ಬಯಲು ಬೇಕು. ಯಾದಗಿರಿ ಕಡೆ ಕೆಂಗುರಿ, ಈ ಭಾಗದ ದಖ್ಖನಿ ಕುರಿ ಎರಡೂ ಹಿಂಡಿನಲ್ಲಿ ತಿರುಗಿ ಬದುಕುವಂಥವು.

ಆಡಿನಲ್ಲಿ ನಮಗೆ ಹೊಂದುವುದು ಉಸ್ಮಾನಾಬಾದಿ. ಹೆಸರು ಮಹಾರಾಷ್ಟ್ರದ ಊರಿನದಾದರೂ ಗಡಿಯಾಚೆಯದು ಅನ್ನುವಂತಿಲ್ಲ, ಬೀದರ್, ಕಲಬುರಗಿಯಲ್ಲಿ ಮೊದಲಿಂದ ಇದೆ. ಹೆಚ್ಚಾಗಿ ಕಪ್ಪು ಬಣ್ಣ, ಅವಳಿ ಮರಿ ಹಾಕುವುದು ಸಾಮಾನ್ಯ. ಬೀದರ್‌ನ ಬೀದ್ರಿ ಆಡೂ ಇದೇ ಬಿಸಿಲಿನದು. ಗಬ್ಬದ ಕಾಲ 5 ತಿಂಗಳು. ಎರಡು ಹೆಣ್ಣು ಆಡಿನಿಂದ ಶುರು ಮಾಡಿ. ಹೋತ ಬೇಡ, ಓಣಿಯಲ್ಲಿ ಯಾರದಾದರೂ ಇರುತ್ತದೆ.

ಮೇವಿಗೆ ತೊಗರಿ ಹೊಟ್ಟು. ಜನವರಿ ರಾಶಿ ಹೊತ್ತಿಗೆ ಚೀಲ ತುಂಬಿಟ್ಟುಕೊಂಡರೆ ಮೇ ತಿಂಗಳವರೆಗೆ ಚಿಂತೆ ಇಲ್ಲ. ಬೇವು, ಸುಬಾಬುಲ್ ಸೊಪ್ಪು, ಜಾಲಿ ಕಾಯಿ ಸ್ವಲ್ಪ ಸ್ವಲ್ಪ. ರಾಶಿ ಕಾಲದಲ್ಲಿ ಜೋಳದ ಚೀಲ ಬಿಚ್ಚಿಟ್ಟು ಹೋಗಬೇಡಿ. ಆಡು ಕಾಳನ್ನು ಹೊಟ್ಟೆ ಬಿರಿಯುವಂತೆ ತಿಂದರೆ ಹೊಟ್ಟೆಯಲ್ಲಿ ಹುಳಿಯಾಗಿ ಎರಡು ದಿನದಲ್ಲಿ ಸಾಯುತ್ತದೆ.

ಪಿಪಿಆರ್ (ಆಡು, ಕುರಿಗೆ ಬರುವ ಅಂಟುರೋಗ) ಲಸಿಕೆ ಒಮ್ಮೆ ಹಾಕಿಸಿದರೆ ಸುಮಾರು 3 ವರ್ಷ ಕಾಯುತ್ತದೆ. ಕರುಳುಬೇನೆಯದು ಪ್ರತಿ ವರ್ಷ, ಮಳೆಗಾಲಕ್ಕೆ ಮುಂಚೆ.

ಚೆನ್ನಾಗಿದ್ದ ಆಡು ಹೊಲದಲ್ಲಿ ಎಳೆ ಜೋಳ ತಿಂದು ಅರ್ಧ ಗಂಟೆಯಲ್ಲಿ ಸತ್ತಿತು. ಯಾರಾದರೂ ಏನಾದರೂ ಹಾಕಿದರಾ?

ಪ್ರತಿ ವರ್ಷ ಈ ಪ್ರಶ್ನೆ ಬರುತ್ತದೆ. ಇದರಿಂದ ಬದುವಿನ ಪಕ್ಕದವರ ಜೊತೆ ಜಗಳವಾಗಿದ್ದೂ ಇದೆ. ಯಾರೂ ಏನೂ ಹಾಕಿಲ್ಲ. ವಿಷ ಜೋಳದಲ್ಲೇ ಇದೆ. ಎಳೆ ಜೋಳದ ಎಲೆಯಲ್ಲಿ ಒಂದು ಅಂಶ ಇರುತ್ತದೆ, ಹಲ್ಲಿಗೆ ಸಿಕ್ಕಿ ಜಜ್ಜಿದಾಗ ಅದು ಸಯನೈಡ್ ಆಗುತ್ತದೆ. ಮಳೆ ಕೈಕೊಟ್ಟು ಬಾಡಿದ ಬೆಳೆಯಲ್ಲಿ, ಕೊಯ್ದ ಮೇಲೆ ಚಿಗುರುವ ಕೂಳೆಯಲ್ಲಿ ಅದು ಜಾಸ್ತಿ. ನಮ್ಮ ಕಡೆ ಇವೆರಡೂ ಕಣ್ಣೆದುರೇ ಇರುತ್ತವೆ.

ಮೊಣಕಾಲೆತ್ತರದ ಜೋಳದ ಹತ್ತಿರ ಆಡು, ದನ ಯಾವುದನ್ನೂ ಬಿಡಬೇಡಿ. ಹೂ ಬಂದ ಮೇಲೆ ಭಯ ಕಡಿಮೆ. ಚೆನ್ನಾಗಿ ಒಣಗಿದ ಕಣಕಿಯಲ್ಲಿ ಭಯವಿಲ್ಲ. ಉಸಿರು ಜೋರಾಗಿ, ಬಾಯಲ್ಲಿ ನೊರೆ ಬಂದು, ನಡುಗಿ ಬಿದ್ದರೆ ಮನೆಮದ್ದು ಹುಡುಕುತ್ತ ಕೂರಬೇಡಿ. ಇದಕ್ಕೆ ಮದ್ದು ಇದೆ, ಆದರೆ ನರಕ್ಕೆ ಕೊಡಬೇಕು. ತಕ್ಷಣ ಪಶುವೈದ್ಯರಿಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ, ಎಳೆ ಜೋಳ ತಿಂದಿದೆ ಅಂತ ಮೊದಲ ಮಾತಿನಲ್ಲೇ ಹೇಳಿ. ಆ ಒಂದು ಮಾತು ಹೇಳಿದರೆ ಅವರು ಸರಿಯಾದ ಔಷಧಿ ಹಿಡಿದೇ ಬರುತ್ತಾರೆ.

ಮೊಲ, ಬಾತುಕೋಳಿ?

ಮೊಲ ನಮ್ಮ ಬೇಸಿಗೆ ತಡೆಯುವುದಿಲ್ಲ. 30 ಡಿಗ್ರಿ ದಾಟಿದರೇ ಅದಕ್ಕೆ ಕಷ್ಟ. ಬಾತುಕೋಳಿಗೆ ನೀರು ಜಾಸ್ತಿ ಬೇಕು. ಗಿನಿ ಕೋಳಿ ಗಟ್ಟಿ, ಆದರೆ ಅದರ ಕೂಗಿಗೆ ಪಕ್ಕದ ಮನೆಯವರು ಒಪ್ಪಬೇಕು.

ಇನ್ನೂ ಕಲಿಯಬೇಕು. ಎಲ್ಲಿ ಕೇಳಲಿ?

ಬೀದರ್‌ನಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ನಾಚಿಕೆ ಬಿಟ್ಟು ಹೋಗಿ ಕೇಳಿ.

ಮೇ ತಿಂಗಳಲ್ಲಿ ಎರಡು ದಿನ ಊರಿಗೆ ಹೋಗಬೇಕು. ಮೇವು, ನೀರು ಇಟ್ಟು ಹೋದರೆ ಆಗುತ್ತದಾ?

ಚಳಿಗಾಲವಾದರೆ ಆದೀತು ಅನ್ನುತ್ತಿದ್ದೆ. ಮೇ ತಿಂಗಳಲ್ಲಿ ಆಗುವುದಿಲ್ಲ. ಯಾರನ್ನಾದರೂ ಒಪ್ಪಿಸಿಯೇ ಹೋಗಿ. ಮೇವು ಹಾಕುವುದು ತಪ್ಪಿದರೂ ನಡೆಯುತ್ತದೆ, 12ಕ್ಕೆ ಮತ್ತು 3ಕ್ಕೆ ನೀರು ಬದಲಿಸಿ ಗೋಣಿ ನೆನೆಸಬೇಕು ಅಂತ ಹೇಳಿ. ನಮ್ಮ ಮನೆಗೆ ಎದುರು ಮನೆಯ ಹುಡುಗ ಬರುತ್ತಾನೆ. ಹೋಗುವ ಹಿಂದಿನ ದಿನ ಅವನನ್ನು ಜೊತೆಗೆ ನಿಲ್ಲಿಸಿಕೊಂಡು ಎರಡು ಸಲ ಮಾಡಿಸುತ್ತೇನೆ. ಹರವಿ ಎಲ್ಲಿದೆ, ಚೊಂಬು ಎಲ್ಲಿದೆ, ಯಾವ ಕೋಳಿ ಮಂಕಾಗುವುದು ಜಾಸ್ತಿ ಅಂತ ತೋರಿಸಿರುತ್ತೇನೆ. ಅವನಿಗೆ ಆ ಎರಡು ದಿನದ ಮೊಟ್ಟೆಯೆಲ್ಲ ಕೊಡುತ್ತೇನೆ.